ಹೆಜ್ಜೆಗಿವಿ

ವಿಮಾನ ಹಾರುವಾಗ ಕತ್ತೆತ್ತಿ ನೋಡದವರಿಲ್ಲ. ಅದು ನಡೆಯುವುದನ್ನು ನೋಡುವ ವ್ಯವಧಾನ ಮಾತ್ರ ಯಾರಿಗೂ ಇಲ್ಲ. ಆಕಾಶದಲ್ಲಿ ಶಬ್ದವನ್ನೇ ಹಿಂದೆ ಹಾಕುವ ಯುದ್ಧವಿಮಾನ ನೆಲದ ಮೇಲೆ ಮೂರು ಪುಟ್ಟ ಗಾಲಿಗಳಲ್ಲಿ ತೊನೆಯುತ್ತ ಹೊರಟರೆ, ಇದರ ಗತ್ತೆಲ್ಲ ಎಲ್ಲಿ ಹೋಯಿತಪ್ಪ ಅನ್ನಿಸುತ್ತದೆ. ದೊಡ್ಡಬಯಲು ವಾಯುನೆಲೆಯ ಡಾ. ಇಂದುಕಲಾ ಒಂಬತ್ತು ವರ್ಷದಿಂದ ಓದುತ್ತಿದ್ದದ್ದು ಈ ನಡಿಗೆಯನ್ನೇ. ಹಾರಾಟ ವಿಭಾಗದ ವಿಜ್ಞಾನಿಗಳು ಕ್ಯಾಂಟೀನಿನಲ್ಲಿ ಅವಳನ್ನು 'ಪಾದಯಾತ್ರೆ ಮೇಡಂ' ಎಂದು ಕಿಚಾಯಿಸುತ್ತಿದ್ದರು. ಅವಳು ನಕ್ಕು ಇನ್ನೊಂದು ವಡೆ ಹಾಕಿಸಿಕೊಳ್ಳುತ್ತಿದ್ದಳು. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧ ಬಂದಾಗ ಇಪ್ಪತ್ತನಾಲ್ಕು ವಿಮಾನ ಒಂದರ ಬೆನ್ನಿಗೆ ಒಂದು ಏರಬೇಕಾದರೆ, ಅದಕ್ಕೆ ಮೊದಲು ಅವೆಲ್ಲ ಒತ್ತೊತ್ತಾಗಿ ಸಾಲುಗಟ್ಟಿ ರನ್‌ವೇಗೆ ನಡೆದು ಬರಬೇಕು. ವಾಯುಪಡೆಯವರ ಬಾಯಲ್ಲಿ ಅದು 'ಆನೆ ನಡಿಗೆ'. ಮುಂದಿನದರ ಬಾಲಕ್ಕೂ ಹಿಂದಿನದರ ಮೂಗಿಗೂ ನಡುವೆ ಇಪ್ಪತ್ತೇ ಮೀಟರು. ಎಂಜಿನ್ನಿನ ಬಿಸಿಗಾಳಿಗೆ ಕೆಂಧೂಳು ಎದ್ದರೆ ಪೈಲಟ್‌ಗೆ ಕಣ್ಣು ಕಾಣದು, ಕ್ಯಾಮೆರಾಕ್ಕೂ ಕಾಣದು. ವೈರಿ ರೇಡಿಯೋ ಕೆಡಿಸಿದರೆ ಕಿವಿಯೂ ಹೋಯಿತು. ಆಗ ವಿಮಾನ ತನ್ನ ಕಾಲಿನಿಂದಲೇ ಕೇಳುವಂತಿದ್ದರೆ? ಕಾಂಕ್ರೀಟಿನಲ್ಲಿ ಹರಿದು ಬರುವ ನಡುಕದಿಂದಲೇ ಮುಂದಿನದು ಎಷ್ಟು ದೂರದಲ್ಲಿದೆ ಎಂದು ತಿಳಿದು, ತಾನೇ ವೇಗ ಹೆಚ್ಚಿಸಿ, ತಾನೇ ಬ್ರೇಕು ಹಾಕುವಂತಿದ್ದರೆ? ಮೂಗಿನ ಗಾಲಿಯ ಕಂಬದೊಳಗೆ ಕೂರುವ, ಕುಂಕುಮದ ಭರಣಿಯಷ್ಟು ಗಾತ್ರದ ಸಲಕರಣೆಯೊಂದರಿಂದ ಇಂದುಕಲಾ ಅದನ್ನು ಸಾಧಿಸಿದ್ದಳು. ಕಡತದಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅವಳ ತಂಡದವರು ಕರೆಯುತ್ತಿದ್ದುದು ಹೆಜ್ಜೆಗಿವಿ ಎಂದು.

ಈ ಯೋಚನೆ ಮೊದಲು ಹುಟ್ಟಿದ್ದು ಅತ್ತೆಯ ಅಡುಗೆಮನೆಯಲ್ಲಿ. ಸಿದ್ಧವೀರಮ್ಮ ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಮಗ್ಗ ನೋಡಿಕೊಂಡವರು. ಗಿರಣಿಯ ಗದ್ದಲ ಅವರ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಎದುರಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಬೆನ್ನ ಹಿಂದಿನದನ್ನು ಬರಿಗಾಲಿನಿಂದ ತಿಳಿಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಇಂದುಕಲಾ ಸದ್ದಿಲ್ಲದೆ ಅಡುಗೆಮನೆಗೆ ಕಾಲಿಟ್ಟರೆ, ಒಲೆಯ ಕಡೆಗೇ ಮುಖ ಮಾಡಿಕೊಂಡು "ಬಾ ಇಂದೂ, ಸಕ್ಕರೆ ಡಬ್ಬಿ ಮ್ಯಾಲೈತೆ" ಅನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ನಾಲ್ಕು ವರ್ಷದ ಮೇಲೆ ಒಮ್ಮೆ, ಅದೇನು ಮಾಟ ಅತ್ತೆ ಎಂದು ಕೇಳಿದ್ದಕ್ಕೆ ಅವರು ಕಡಪಾ ಕಲ್ಲಿನ ನೆಲವನ್ನು ಕಾಲ್ಬೆರಳಿನಿಂದ ತಟ್ಟಿ ತೋರಿಸಿದ್ದರು. ಸೊಸೆ ಅದನ್ನೇ ಹಿಡಿದು ಹೊರಟವಳು ಒಂಬತ್ತು ವರ್ಷ ಹಿಂತಿರುಗಿ ನೋಡಲಿಲ್ಲ.

ಈಗ ಪರೀಕ್ಷೆಯ ದಿನ ಹತ್ತಿರ ಬಂದಿತ್ತು. ಗುರುವಾರ ದೆಹಲಿಯಿಂದ ಏರ್ ಮಾರ್ಷಲ್ ಬರುವವರಿದ್ದರು. ಅವರ ಎದುರು ಇಪ್ಪತ್ತನಾಲ್ಕು ವಿಮಾನ, ರೇಡಿಯೋ ಬಂದ್ ಮಾಡಿಕೊಂಡು, ಹೆಜ್ಜೆಗಿವಿಯನ್ನೇ ನಂಬಿ ನಡೆದು ಏರಬೇಕು. ಅವರು ಒಪ್ಪಿದರೆ ವಾಯುಪಡೆಯ ಪ್ರತಿ ಯುದ್ಧವಿಮಾನದ ಕಾಲಿಗೂ ಅದು ಬರುತ್ತದೆ. ಒಪ್ಪದಿದ್ದರೆ ಒಂಬತ್ತು ವರ್ಷದ ದುಡಿಮೆ ಬೀರು ಸೇರುತ್ತದೆ. ಬೇಸಿಗೆಯ ಮೊದಲಲ್ಲಿ ಆರು ವಿಮಾನಗಳ ಪರೀಕ್ಷೆ ಕೂದಲೆಳೆಯಷ್ಟೂ ತಪ್ಪದೆ ನಡೆದಿತ್ತು. ಹಾಗಾಗಿ ಮಂಗಳವಾರ ಬೆಳಿಗ್ಗೆಯ ತಾಲೀಮಿಗೆ ಇಂದುಕಲಾ ಕಂಟ್ರೋಲ್ ಟವರಿನಲ್ಲಿ ಕಾಫಿ ಲೋಟ ಹಿಡಿದು ಆರಾಮಾಗಿಯೇ ನಿಂತಿದ್ದಳು.

ಮೊದಲ ಆರು ವಿಮಾನಗಳು ಸಲೀಸಾಗಿ ಬಂದವು. ಸಾಲು ರನ್‌ವೇ ಕಡೆಗೆ ತಿರುಗುವ ಸ್ವಲ್ಪ ಮುಂಚೆ ಏಳನೆಯದು ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿತು. ಆರನೆಯದರ ಬಾಲ ಹತ್ತಿರವಾಗುತ್ತ ಬಂತು. ಹದಿನೈದು ಮೀಟರು, ಹತ್ತು, ಏಳು. ಎರಡರ ಹೊಟ್ಟೆಯಲ್ಲೂ ತುಂಬಿದ ಇಂಧನ. ಏಳನೆಯದರ ಪೈಲಟ್ ಸ್ಕ್ವಾಡ್ರನ್ ಲೀಡರ್ ಇಮ್ತಿಯಾಜ್ ಬ್ರೇಕನ್ನು ಬಲವಾಗಿ ಮೆಟ್ಟಿದ. ವಿಮಾನ ಮುಗ್ಗರಿಸಿದಂತೆ ಮೂಗು ತಗ್ಗಿಸಿ ನಿಂತಿತು. ಮುಂದಿನ ಬಾಲಕ್ಕೆ ಉಳಿದದ್ದು ನಾಲ್ಕು ಮೀಟರು.

ಅಷ್ಟರಲ್ಲಿ ಅಗ್ನಿಶಾಮಕ ವಾಹನ ಸೈರನ್ ಹೊಡೆದುಕೊಂಡು ಹೊರಟೇಬಿಟ್ಟಿತ್ತು. ಅದರ ಮುಂದಿನ ಸೀಟಿನಲ್ಲಿ ಇದ್ದವನು ಅವಳ ಗಂಡ ಮೃತ್ಯುಂಜಯ. ಬೆಂಕಿ ಬಿದ್ದರೆ ಮೊದಲು ಒಳಗೆ ನುಗ್ಗುವುದು ಅವನ ಕೆಲಸ. ಕಾಫಿ ಕೈಮೇಲೆ ಚೆಲ್ಲಿದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಹನ್ನೊಂದಕ್ಕೆ ಸಭೆ ಸೇರಿತು. ನೆಲೆಯ ಮುಖ್ಯಸ್ಥ ಗ್ರೂಪ್ ಕ್ಯಾಪ್ಟನ್ ಮುತ್ತಣ್ಣ ಕೊಡಗಿನವರು. ಸಿಟ್ಟು ಏರಿದಷ್ಟೂ ದನಿ ಇಳಿಸುವ ಮನುಷ್ಯ. ಅವತ್ತು ಅವರ ಮಾತು ಕೇಳಲು ಎಲ್ಲರೂ ಮುಂದಕ್ಕೆ ಬಾಗಬೇಕಾಯಿತು.

"ಏನಾಯ್ತು ಡಾಕ್ಟರ್?"

"ಏಳನೆಯದು ಆರನೆಯದರ ಹೆಜ್ಜೆ ಬಿಟ್ಟು ಐದನೆಯದರ ಹೆಜ್ಜೆ ಹಿಡ್ಕೊಂಡಿದೆ ಸರ್. ಮುಂದಿನದು ದೂರ ಹೋಗಿಬಿಟ್ಟಿತು ಅಂದುಕೊಂಡು ಹತ್ತಿರವಾಗೋಕೆ ಓಡಿದೆ. ಯಾಕೆ ಹಾಗೆ ಗುರುತು ತಪ್ಪಿತು ಅನ್ನೋದು ಇನ್ನೂ ಗೊತ್ತಾಗಿಲ್ಲ."

"ನಾಳೆ ಸಂಜೆ ಐದರವರೆಗೆ ಸಮಯ ಕೊಡ್ತೇನೆ. ಆಗಲೂ ಗೊತ್ತಾಗದಿದ್ದರೆ ಗುರುವಾರ ಹಳೇ ಪದ್ಧತಿಯಲ್ಲೇ ನಡೆಸ್ತೇನೆ. ನೂರು ಮೀಟರ್ ಅಂತರ, ರೇಡಿಯೋ, ಕೋಲು ಬೀಸಿ ದಾರಿ ತೋರಿಸೋರು. ನಿಮ್ಮ ಪೆಟ್ಟಿಗೆಗಳನ್ನು ಬಿಚ್ಚಿ ವಾಪಸ್ ಕಳಿಸ್ತೇನೆ. ನನ್ನ ಪೈಲಟ್‌ಗಳನ್ನು ಸುಟ್ಟುಕೊಂಡು ಪ್ರಯೋಗ ಮಾಡೋಕಾಗಲ್ಲ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಹೊರಗೆ ಬಂದರೆ ಬಾಗಿಲ ಪಕ್ಕದಲ್ಲೇ ಇಮ್ತಿಯಾಜ್ ಕಾದು ನಿಂತಿದ್ದ. ಹೆಲ್ಮೆಟ್ಟು ಇನ್ನೂ ಕಂಕುಳಲ್ಲೇ ಇತ್ತು.

"ಮೇಡಂ, ಒಂದೇ ಪ್ರಶ್ನೆ. ಗುರುವಾರ ನಾನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಕೂರಬೇಕಾ, ಬೇಡ್ವಾ?"

"ನಾಳೆ ಹೇಳ್ತೀನಿ," ಅಂದಳು.

ಮಧ್ಯಾಹ್ನ ಊಟಕ್ಕೆ ಕ್ವಾರ್ಟರ್ಸಿಗೆ ನಡೆದು ಹೋಗುವಾಗ ಅವಳಿಗೆ ದಾರಿಯ ಮೇಲೆ ಗಮನವೇ ಇರಲಿಲ್ಲ. ಮೆಟ್ಟಿಲು ಹತ್ತಿ, ಹಜಾರ ದಾಟಿ, ಕಾಲಲ್ಲಿ ಬೂಟಿರುವುದನ್ನೂ ಮರೆತು ಸೀದಾ ಒಳಗೆ ಹೋದಳು. ಅದು ಹೋದ ತಿಂಗಳು ಬಂದ ಬೂಟು. ವಿಮಾನಗಳ ಹತ್ತಿರ ಓಡಾಡುವವರೆಲ್ಲ, ವಿಜ್ಞಾನಿಯಾಗಲಿ ಅಗ್ನಿಶಾಮಕನಾಗಲಿ, ಕಿಡಿ ಹಾರದ ರಬ್ಬರ್ ಅಟ್ಟೆಯ ಒಂದೇ ಬಗೆಯ ಬೂಟು ಹಾಕಬೇಕೆಂದು ಆದೇಶವಾಗಿತ್ತು.

ಒಲೆಯ ಮುಂದಿದ್ದ ಸಿದ್ಧವೀರಮ್ಮ ತಿರುಗದೆಯೇ, "ಬಂದ್ಯೇನೋ ಜಯ? ಕೈ ತೊಳ್ಕಂಡು ಬಾ, ರೊಟ್ಟಿ ಬಿಸಿ ಅದಾವೆ," ಅಂದರು. ಮಗನ ತಟ್ಟೆಗೆ ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿಕೊಂಡು ತಿರುಗಿದರೆ ಎದುರಿಗೆ ಸೊಸೆ.

ಹದಿಮೂರು ವರ್ಷದಲ್ಲಿ ಮೊದಲ ಸಲ ಅವರು ತಪ್ಪಿದ್ದರು.

"ಅಯ್ಯಯ್ಯ, ನೀನಾ!" ಅಂದವರ ಕಣ್ಣು ಕೆಳಗೆ ಹೋಯಿತು. "ಬೂಟು ಹಾಕ್ಕಂಡು ಅಡುಗೆಮನಿಗೆ ಬಂದೀಯಲ್ಲೇ! ಎಲ್ಲೈತೆ ನಿನ್ನ ಚಿತ್ತ?"

ಇಂದುಕಲಾ ಅಲ್ಲೇ ಕೂತು ಬೂಟು ಬಿಚ್ಚಿ ಹೊರಗಿಟ್ಟು ಬಂದಳು. ಅತ್ತೆ ಎರಡು ರೊಟ್ಟಿ ತೆಗೆದು ತಟ್ಟೆ ಮುಂದಿಟ್ಟರು. ಒಂದು ತುತ್ತು ಬಾಯಿಗಿಟ್ಟುಕೊಂಡು ಅವಳು ಕೇಳಿದಳು, "ನಾನು ನಿಮ್ಮ ಮಗ ಅಂತ ಯಾಕೆ ಅನ್ನಿಸ್ತು ಅತ್ತೆ?"

"ನುಂಗಿ ಮಾತಾಡು. ಬಾಯಿ ತುಂಬಿದ್ರೆ ತುಟಿ ತಿಳಿಯಲ್ಲ ನಂಗೆ."

ಅವಳು ನುಂಗಿ ಮತ್ತೆ ಕೇಳಿದಳು.

"ಇನ್ನೇನು ಮತ್ತೆ? ಅವಂದೂ ಅದೇ ಬೂಟು, ನಿಂದೂ ಅದೇ ಬೂಟು. ಪಕ್ಕದ್ಮನೆಯೋರು ಬಂದ್ರೂ ಅದೇ. ಈ ಹಾಳು ಬೂಟು ಬಂದಾಗಿಂದ ಮೆಟ್ಲು ಹತ್ತೋರು ಯಾರು ಅಂತ ಗೊತ್ತೇ ಆಗಲ್ಲ ಕಣವ್ವ. ಹೇಳಿದ್ರೆ ನಗ್ತೀರ ಅಂತ ಸುಮ್ನಿದ್ದೆ." ಮುದುಕಿಗೆ ತನ್ನ ಕಾಲು ಸೋತಿತೆಂಬ ಬೇಸರ ಮುಖದಲ್ಲೇ ಕಾಣುತ್ತಿತ್ತು. "ಗಿರಣಿಯಾಗೂ ಒಂದ್ಸಲ ಹಿಂಗೇ ಆಗಿತ್ತು. ಹೊಸಾ ಮಗ್ಗ ತಂದ್ರು, ಹನ್ನೆರಡೂ ಒಂದೇ ಅಚ್ಚಿನವು. ಹಳೇವಾದ್ರೆ ಒಂದು ಕುಂಟ್ತಿತ್ತು, ಒಂದು ಕೆಮ್ತಿತ್ತು. ಯಾವುದರ ನೂಲು ಹರೀತು ಅಂತ ನಿಂತಲ್ಲೇ ಕಾಲಿಗೆ ಗೊತ್ತಾಗ್ತಿತ್ತು. ಹೊಸಾವು ಎಲ್ಲಾ ಒಂದೇ ಕುಣಿತ. ನಾಕನೇದು ನಿಂತ್ರೆ ಐದನೇದರ ತಾವ ಓಡ್ತಿದ್ದೆ."

ಇಂದುಕಲಾಳ ಕೈ ತಟ್ಟೆಯ ಮೇಲೇ ನಿಂತಿತು.

"ಆಮೇಲೆ? ಏನು ಮಾಡಿದ್ರಿ?"

"ಏನ್ಮಾಡೋದು? ಒಂದೊಂದರ ಕಾಲಡಿ ಒಂದೊಂದು ಇಟ್ವಿ. ಒಂದಕ್ಕೆ ಗೋಣಿಚೂರು, ಒಂದಕ್ಕೆ ಮರದ ಚಕ್ಕೆ, ಒಂದಕ್ಕೆ ಹರಿದ ಚಪ್ಪಲಿ. ಯಂತ್ರ ಕೆಡಿಸ್ತೀರ ಅಂತ ಮೇಸ್ತ್ರಿ ಬೈದ. ಬೈಲಿ ಬಿಡು. ಒಂದೊಂದಕ್ಕೂ ಅದರದ್ದೇ ಹೆಜ್ಜೆ ಬಂತಲ್ಲ!"

ಇಂದುಕಲಾ ಎದ್ದು ಎಂಜಲು ಕೈಯಲ್ಲೇ ಅತ್ತೆಯನ್ನು ಅಪ್ಪಿಕೊಂಡಳು. ಸೀರೆಗೆ ಎಣ್ಣೆ ಆಯಿತೆಂದು ಅವರು ಬೈಯುತ್ತಿರುವಾಗಲೇ ಬೂಟನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದಾಗಿತ್ತು.

ಪ್ರಯೋಗಾಲಯದಲ್ಲಿ ಬೇಸಿಗೆಯ ಪರೀಕ್ಷೆಯ ನಕ್ಷೆಯನ್ನೂ ಅವತ್ತಿನ ನಕ್ಷೆಯನ್ನೂ ಒಂದರ ಕೆಳಗೊಂದು ಪರದೆಗೆ ಹಾಕಿಸಿದಳು. ಬೇಸಿಗೆಯಲ್ಲಿ ನಡುಕದ ಆರು ಗೆರೆಗಳು ಆರು ಬಗೆ. ಅವತ್ತಿನವು ಇಪ್ಪತ್ತನಾಲ್ಕೂ ಒಂದೇ ಬಗೆ. ಕಾಂಕ್ರೀಟು ಐದೈದು ಮೀಟರಿನ ಹಲಗೆಗಳದ್ದು. ಒಂದು ವಿಮಾನದ ಮೂಗಿನಿಂದ ಇನ್ನೊಂದರ ಮೂಗಿಗೆ ಮೂವತ್ತೈದು ಮೀಟರು, ಅಂದರೆ ಸರಿಯಾಗಿ ಏಳು ಹಲಗೆ. ಎಲ್ಲವೂ ಒಂದೇ ಕ್ಷಣದಲ್ಲಿ ಹಲಗೆಗಳ ನಡುವಿನ ಸಂದು ದಾಟುತ್ತವೆ, ಒಂದೇ ಸದ್ದು ಮಾಡುತ್ತವೆ. ಬೇಸಿಗೆಯಲ್ಲೂ ಹಾಗೇ ದಾಟಿದ್ದವು, ಆದರೆ ಆಗ ಟೈರುಗಳು ಒಂದೊಂದು ಒಂದೊಂದು ಥರ ಸವೆದಿದ್ದವು. ತನ್ನ ಯಂತ್ರದ ಜಾಣತನ ಎಂದು ತಾನು ಹೆಮ್ಮೆಪಟ್ಟದ್ದರಲ್ಲಿ ಅರ್ಧ ಪಾಲು ಸವೆದ ರಬ್ಬರಿನದು! ಇಂದುಕಲಾಗೆ ನಾಚಿಕೆಯೂ ಆಯಿತು, ನಗುವೂ ಬಂತು. ನಾಚಿಕೆಗೆ ಪುರಸೊತ್ತಿಲ್ಲವೆಂದು ನೇರ ಹ್ಯಾಂಗರಿಗೆ ಹೋದಳು.

ಅಲ್ಲಿನ ನೆಲಸಿಬ್ಬಂದಿಯ ಹಿರಿಯ ವಾರಂಟ್ ಆಫೀಸರ್ ಸಿದ್ರಾಮ ಹಳ್ಳೂರ, ವಿಜಯಪುರದ ಕಡೆಯವರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಅಭಿಮಾನ. ಟೈರು ಬದಲಾಯಿಸಿದ್ದೀರಾ ಎಂದು ಕೇಳಿದ್ದೇ ತಡ, ಅವರ ಮುಖ ಅರಳಿತು.

"ಹೌದ್ರಿ ಮೇಡಂ! ಏರ್ ಮಾರ್ಷಲ್ ಸಾಹೇಬ್ರಿಗೆ ಸವದ ಟೈರ್ ತೋರ್ಸೂದೇನ್ರಿ? ಎಪ್ಪತ್ತೆರಡು ಗಾಲಿ, ಮೂರು ದಿನದಾಗ ಹೊಸಾವು ಹಾಕೀವಿ. ಗಾಳಿ ಎಲ್ಲಾದರಾಗೂ ಒಂದೇ ಸಮ. ಅರ್ಧ ಪಾಯಿಂಟ್ ಫರಕ್ ತೋರ್ಸ್ರಿ, ಈ ಮೀಸಿ ಬೋಳಿಸ್ತೀನಿ."

"ಮೀಸೆ ಹಾಗೇ ಇರಲಿ ಹಳ್ಳೂರ್ ಸಾಹೇಬ್ರೆ. ಫರಕು ಇಲ್ಲದ್ದಕ್ಕೇ ಇವತ್ತು ವಿಮಾನ ಡಿಕ್ಕಿ ಹೊಡೀತಿತ್ತು."

ಅವರ ಮುಖ ಕಪ್ಪಿಟ್ಟಿತು. "ಅಂದ್ರ ತಪ್ಪು ನಮ್ಮದಂತೀರೇನು?"

"ತಪ್ಪು ನಂದು. ಸವೆದ ಟೈರಿನಿಂದ ಗುರುತು ಹಿಡೀತಿದೆ ಅಂತ ನನಗೇ ತಿಳಿದಿರಲಿಲ್ಲ. ನಿಮಗೆ ಹೇಳೋದೆಲ್ಲಿಂದ ಬಂತು? ನೀವು ಕೆಲಸ ಸ್ವಲ್ಪ ಕೆಟ್ಟದಾಗಿ ಮಾಡಿದ್ದರೆ ನಾನು ಗೆದ್ದಿರ್ತಿದ್ದೆ." ಆಮೇಲೆ ಮಗ್ಗದ ಕಥೆ ಹೇಳಿ ಕೇಳಿದಳು, "ಗಾಳಿಯ ಒತ್ತಡ ಎಷ್ಟರಿಂದ ಎಷ್ಟರವರೆಗೆ ಇರಬಹುದು?"

"ಎರಡು ನೂರರಿಂದ ಎರಡು ನೂರಾ ಇಪ್ಪತ್ತನಾಲ್ಕರ ತನಕ ನಡೀತದ. ನಾವು ಕರೆಕ್ಟ್ ನಡುವ ಇಟ್ಟೀವಿ."

"ಇಪ್ಪತ್ತನಾಲ್ಕಕ್ಕೂ ಬೇರೆ ಬೇರೆ ಕೊಡಿ. ಹಿಂದೆ ಮುಂದೆ ನಿಲ್ಲೋವು ತೀರಾ ಬೇರೆ ಇರಲಿ."

ಹಳ್ಳೂರರ ಮೂವತ್ತೆರಡು ವರ್ಷದ ನೌಕರಿ ಕಳೆದದ್ದು ಎಲ್ಲವನ್ನೂ ಒಂದೇ ಸಮ ಮಾಡುವುದರಲ್ಲಿ. ಅವರು ಹತ್ತಿರದ ಹೊಸ ಟೈರಿನ ಮೇಲೆ ಒಮ್ಮೆ ಕೈಯಾಡಿಸಿದರು. ಕೊನೆಗೆ ಮೀಸೆ ತಿರುವಿಕೊಂಡು, "ಒಂದೊಂದಕ್ಕ ಒಂದೊಂದು ನಡಗಿ ಕಲ್ಸೂದು ಅನ್ರಿ. ಕಲ್ಸೂಣು. ಆದ್ರ ಒಂದೇ ವಿಮಾನದ ಎಡಗಾಲಿ ಬಲಗಾಲಿ ಸಮ ಇರ್ಬೇಕು ಮತ್ತ, ಇಲ್ಲಾಂದ್ರ ಹಾದಿ ಬಿಟ್ಟು ಹೊಲಕ್ಕ ಇಳೀತಾವು," ಅಂದರು.

ಬುಧವಾರ ಮಧ್ಯಾಹ್ನದೊಳಗೆ ಗಾಳಿ ತುಂಬುವ ಗಾಡಿ ಇಪ್ಪತ್ತನಾಲ್ಕು ಕಡೆ ತಿರುಗಿ ಬಂದಿತ್ತು. ಮೊದಲು ಮುಖ ಗಂಟಿಕ್ಕಿಕೊಂಡಿದ್ದ ಹಳ್ಳೂರರಿಗೆ ಆಮೇಲೆ ಹುರುಪು ಹತ್ತಿ, ಪ್ರತಿ ವಿಮಾನದ ಗಾಲಿಯ ಬಾಗಿಲಿಗೂ ಸೀಮೆಸುಣ್ಣದಲ್ಲಿ ಒಂದೊಂದು ಹೆಸರು ಬರೆಸಿದ್ದರು. ಇಮ್ತಿಯಾಜನ ವಿಮಾನಕ್ಕೆ 'ಗುಮ್ಮಟ' ಎಂದೂ, ಅದರ ಮುಂದಿನದಕ್ಕೆ 'ಕುದರಿ' ಎಂದೂ ಹೆಸರು ಬಿದ್ದಿತ್ತು. ನಾಲ್ಕು ಗಂಟೆಗೆ ಆರು ವಿಮಾನಗಳನ್ನು ನಡೆಸಿ ನೋಡಿದರು. ಒಂದೂ ಹೆಜ್ಜೆ ತಪ್ಪಲಿಲ್ಲ. ಪೂರ್ತಿ ಸಾಲನ್ನು ನಡೆಸಿ ನೋಡಲು ಸಮಯವಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಅವಳು ಮುತ್ತಣ್ಣನವರ ಮುಂದೆ ನಿಂತಿದ್ದಳು. ಅವರು ಎರಡೂ ನಕ್ಷೆಗಳನ್ನು ನೋಡಿ ಕೇಳಿದರು. "ಆರು ನಡೆದವು ಅಂತ ಇಪ್ಪತ್ತನಾಲ್ಕೂ ನಡೀತಾವೆ ಅನ್ನೋ ಖಾತ್ರಿ ಇದೆಯಾ?"

"ಇದೆ ಸರ್. ಹೋದ ಸಲ ಆರು ಯಾಕೆ ನಡೆದವು ಅಂತ ಗೊತ್ತಿರಲಿಲ್ಲ. ಈ ಸಲ ಗೊತ್ತಿದೆ."

"ಇದನ್ನು ಎಲ್ಲಿ ಕಲಿತಿರಿ?"

"ದಾವಣಗೆರೆ ಗಿರಣಿಯಲ್ಲಿ."

ಮುತ್ತಣ್ಣ ತಮಾಷೆಯೆಂದುಕೊಂಡು ಗಟ್ಟಿಯಾಗಿ ನಕ್ಕರು. ಅವರ ದನಿ ಏರಿದ್ದು ಕೇಳಿ ಅವಳಿಗೆ ಜೀವ ಬಂದಂತಾಯಿತು. ಹೊರಗೆ ಇಮ್ತಿಯಾಜನನ್ನು ಹುಡುಕಿ ಹೇಳಿದಳು, "ಕಾಲು ಕೆಳಗಿಟ್ಕೊಂಡು ಕೂತ್ಕೊಳ್ಳಿ. ಬ್ರೇಕ್ ಮೇಲೆ ಬೇಡ." ಅವನು ತಲೆಯಾಡಿಸಿದ.

ಗುರುವಾರ ಬೆಳಿಗ್ಗೆ ಆರೂವರೆಗೆ ವಾಡಿಕೆಯ ಹಾಗೆ ಕಲ್ಲು ಆಯುವ ಕೆಲಸದಿಂದ ದಿನ ಶುರುವಾಯಿತು. ಒಂದು ಹರಳು ಎಂಜಿನ್ನಿಗೆ ಹೋದರೂ ವಿಮಾನ ಕೆಟ್ಟಿತೆಂದೇ ಲೆಕ್ಕ. ಅದಕ್ಕೆ ಗ್ರೂಪ್ ಕ್ಯಾಪ್ಟನ್‌ನಿಂದ ಕ್ಯಾಂಟೀನಿನ ಅಡುಗೆಯವರವರೆಗೆ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ರನ್‌ವೇಯ ಅಗಲಕ್ಕೂ ಸಾಲು ನಿಂತು, ತಲೆ ತಗ್ಗಿಸಿ, ಸಿಕ್ಕಿದ್ದನ್ನು ಹೆಕ್ಕುತ್ತ ನಡೆಯುತ್ತಾರೆ. ಇಂದುಕಲಾಳ ಪಕ್ಕದಲ್ಲಿ ಮೃತ್ಯುಂಜಯ ನಡೆಯುತ್ತಿದ್ದ.

"ನಿದ್ದೆ ಬಂತಾ?" ಎಂದು ಕೇಳಿದ.

"ಬಂತು. ನಿಮ್ಮ ಗಾಡಿ ಇವತ್ತು ನಿಂತಲ್ಲಿಂದ ಅಲ್ಲಾಡಲ್ಲ ನೋಡಿ," ಅಂದಳು.

"ಅಲ್ಲಾಡದಿದ್ರೆ ಸಂಜೆ ಹೋಳಿಗೆ ನನ್ನ ಕಡೆಯಿಂದ," ಅಂದ. ಹೋಳಿಗೆ ಮಾಡುವವರು ಅವನ ತಾಯಿಯೇ ಎಂಬುದು ಬೇರೆ ಮಾತು.

ಒಂಬತ್ತೂವರೆಗೆ ಎಂಜಿನ್ನುಗಳು ಗುಡುಗಿದವು. ರೇಡಿಯೋಗಳು ಬಂದಾದವು. ಕೆಂಧೂಳು ಎದ್ದು, ಟವರಿನ ಗಾಜಿನಾಚೆ ಇಪ್ಪತ್ತನಾಲ್ಕು ವಿಮಾನಗಳ ಬಾಲಗಳಷ್ಟೇ ಕಾಣುತ್ತಿದ್ದವು. ಏರ್ ಮಾರ್ಷಲ್ ಕೈಕಟ್ಟಿ ನಿಂತಿದ್ದರು. ಪರೀಕ್ಷೆಗೆಂದು ಉಳಿಸಿಕೊಂಡಿದ್ದ, ಟವರಿಗೆ ಅಳತೆಗಳನ್ನಷ್ಟೇ ಕಳಿಸುವ ಕೊಂಡಿಯಿಂದ ಪರದೆಯ ಮೇಲೆ ಇಪ್ಪತ್ತನಾಲ್ಕು ಗೆರೆ ಮೂಡಿದವು, ಒಂದರಂತೆ ಇನ್ನೊಂದಿಲ್ಲ. ಮೊನ್ನೆಯ ಜಾಗ ಹತ್ತಿರ ಬಂತು. ಏಳನೆಯದರ ವೇಗ ಚೂರು ಏರಿತು. ಮುತ್ತಣ್ಣ ಪರದೆಯ ಹತ್ತಿರಕ್ಕೆ ಬಾಗಿದರು. ಇಂದುಕಲಾಳ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಒಂದು ಹಲಗೆ ದಾಟಿತು, ಎರಡು ಹಲಗೆ. ಗುಮ್ಮಟ ಕುದರಿಯ ಹೆಜ್ಜೆಯನ್ನು ಕೇಳಿಸಿಕೊಂಡಿತು. ವೇಗ ಇಳಿಸಿ, ಇಪ್ಪತ್ತು ಮೀಟರಿಗೆ ಬಂದು, ಅಷ್ಟರಲ್ಲೇ ಉಳಿದು ರನ್‌ವೇ ಕಡೆ ತಿರುಗಿತು. ಬ್ರೇಕಿನ ಪೆಡಲಿನ ಮೇಲೆ ಪೈಲಟ್‌ನ ಕಾಲು ಬಿದ್ದರೆ ಪರದೆಯ ಅಂಚಿನಲ್ಲಿ ಹೊತ್ತುವ ಕೆಂಪು ದೀಪ ಹೊತ್ತಲೇ ಇಲ್ಲ.

ಎಂಟನೆಯದು ತಿರುಗಿತು, ಒಂಬತ್ತನೆಯದು ತಿರುಗಿತು. ಇಂದುಕಲಾ ಮೇಜು ಬಿಟ್ಟು ಬಾಗಿಲ ಕಡೆ ಹೊರಟಳು.

"ಈಗ ಎಲ್ಲಿಗೆ ಡಾಕ್ಟರ್? ಇನ್ನೂ ಹದಿನೈದು ಉಳಿದಿವೆ," ಅಂದರು ಮುತ್ತಣ್ಣ.

"ಅವು ಬರ್ತಾವೆ ಸರ್. ಕೆಳಗೆ ನನಗಿಂತ ಹಿರಿಯ ಇಂಜಿನಿಯರ್ ಒಬ್ಬರು ಕಾದಿದ್ದಾರೆ."

ಸಿಬ್ಬಂದಿಯ ಮನೆಯವರಿಗೆಂದು ಕಾಂಕ್ರೀಟಿನ ಪಶ್ಚಿಮದ ಅಂಚಿನಲ್ಲಿ ಹಗ್ಗ ಕಟ್ಟಿ ಜಾಗ ಮಾಡಿದ್ದರು. ಎಲ್ಲರೂ ಕಿವಿ ಮುಚ್ಚಿಕೊಂಡು ನಿಂತಿದ್ದರೆ ಸಿದ್ಧವೀರಮ್ಮ ಮಾತ್ರ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಬಿಸಿಲಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ನಿಂತಿದ್ದರು. ಬಲಗೈ ಹೆಬ್ಬೆರಳು ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಅವರ ಮುಖದಲ್ಲಿದ್ದ ಸಂತೋಷವನ್ನು ಇಂದುಕಲಾ ಅಷ್ಟು ದೂರದಿಂದಲೇ ಕಂಡಳು. ಬೂಟಿನ ಲಾಡಿ ಬಿಚ್ಚಿದಳು. ಕಾಲುಚೀಲವನ್ನೂ ತೆಗೆದಳು. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಿನಲ್ಲಿ ಅತ್ತೆಯ ಬೆನ್ನ ಹಿಂದೆ ನಡೆದು ಹೋದಳು.

ನೆಲವೆಲ್ಲ ವಿಮಾನಗಳ ಭಾರಕ್ಕೆ ನಡುಗುತ್ತಿತ್ತು. ಆ ನಡುಕದಲ್ಲಿ ಐವತ್ತೆಂಟು ಕಿಲೋ ತೂಕದ ಹೆಂಗಸಿನ ಹೆಜ್ಜೆ ಎಷ್ಟನೇ ಪಾಲು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಯಾವ ಸಲಕರಣೆಯಿಂದಲೂ ಅದನ್ನು ಹಿಡಿಯಲು ಸಾಧ್ಯವಿಲ್ಲ. ಬಿಸಿಲು ಎದುರಿನಿಂದ ಬೀಳುತ್ತಿತ್ತು. ಅವಳ ನೆರಳೂ ಅವಳ ಹಿಂದೆಯೇ ಇತ್ತು.

ಇನ್ನೂ ನಾಲ್ಕು ಹೆಜ್ಜೆ ಇರುವಾಗ ಸಿದ್ಧವೀರಮ್ಮ ಕಣ್ಣು ಬಿಡದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿದರು.

"ಬಾ ಇಂದೂ," ಅಂದರು. "ಹದಿನೇಳಾದ್ವು. ಆ ಏಳನೇದು ನಿಮ್ಮ ಮಾವನ ನಡಿಗೀನೇ ನಡೀತು ನೋಡು. ಬರಿಗಾಲಾಗೆ ಬಂದೀಯಲ್ಲ, ಕಾಲು ಸುಡವಲ್ವೇನೇ?"

ಇಂದುಕಲಾ ಚಾಚಿದ ಕೈ ಹಿಡಿದು, ಅತ್ತೆಯ ಪಕ್ಕದಲ್ಲಿ ನಿಂತು, ತಾನೂ ಕಣ್ಣು ಮುಚ್ಚಿಕೊಂಡಳು. ಹದಿನೆಂಟನೆಯದರ ಹೆಜ್ಜೆ ಅಂಗಾಲಿಗೆ ತಾಗಿ ಮುಂದೆ ಹೋಯಿತು.